ಏಳನೇ ಬೆಂಚಿನ ಸಸಿಗಳು

ಮಾರ್ಚ್ 3

ಮಗಳೇ,

ಫೆಬ್ರವರಿ ಹನ್ನೊಂದನೇ ತಾರೀಖು ಬೆಳಿಗ್ಗೆ ನಿಮ್ಮ ಸಂಶೋಧನಾ ಕೇಂದ್ರದ ಗೇಟಿನ ಪಕ್ಕದ ಹಲಗೆಯ ಮೇಲೆ ಒಂದು ಸುಳ್ಳನ್ನು ಅಂಟಿಸಿದರು. "ಹಸಿರುಮನೆಯಲ್ಲಿ ನೀರುಣಿಸುವ ಕೆಲಸದಾಕೆಯ ಅಜಾಗರೂಕತೆಯಿಂದ ಏಳನೇ ಬೆಂಚಿನ ಹನ್ನೆರಡು ಟ್ರೇ ಟೊಮೆಟೊ ಸಸಿಗಳು ಕೊಳೆತು ನಷ್ಟವಾಗಿರುವುದರಿಂದ ಸದರಿಯವರನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿದೆ." ಆ ಸದರಿಯವರು ನನ್ನ ತಂಗಿ, ನಿನ್ನ ಚಿಕ್ಕಮ್ಮ. ಕೆಳಗಿನ ಸಹಿ ನಿನ್ನದು.

ಕ್ಷೇಮ ಸಮಾಚಾರ ಆಮೇಲೆ ಬರೆಯುತ್ತೇನೆ.

ಅವಳು ಫೆಬ್ರವರಿ ಇಪ್ಪತ್ತೈದಕ್ಕೆ ಒಂದು ಟ್ರಂಕು, ಒಂದು ಚಾಪೆ ಹಿಡಿದು ನನ್ನ ಬಾಗಿಲಿಗೆ ಬಂದಳು. "ಏನೇ ಇದು, ಹೇಳದೆ ಕೇಳದೆ?" ಅಂದೆ. "ರಜೆ ಕೊಟ್ರು ಅಕ್ಕ," ಅಂದಳು. "ಎಷ್ಟು ದಿನ?" "ಸದ್ಯಕ್ಕೆ ಎಲ್ಲಾ ದಿನ." ನಗಿಸಲೆಂದು ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ. ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ, ನಾಲ್ಕು ಮಡಿಕೆಯಾಗಿ ಆ ಕಾಗದ ಇತ್ತು. ಹನ್ನೊಂದು ದಿನ ಹಲಗೆಯ ಮೇಲಿತ್ತಂತೆ. ಹಲಗೆಯ ಎದುರಿಗೇ ಬಸ್ ನಿಲ್ಲುವುದರಿಂದ ಕಾಯುವವರೆಲ್ಲ ಓದಿದರಂತೆ. ತೆಗೆದ ಮೇಲೆ ಗೇಟಿನವರು ಅದನ್ನು ಅವಳ ಕೈಗೆ ಕೊಟ್ಟು, "ಇಟ್ಕೊಳ್ಳಮ್ಮ, ಯಾವತ್ತಾದ್ರೂ ಬೇಕಾಗುತ್ತೆ," ಅಂದರಂತೆ. ಗೇಟು ಕಾಯುವವರಿಗೆ ಇದ್ದ ವಿವೇಚನೆ ಒಳಗೆ ಕುಳಿತವರಲ್ಲಿ ಒಬ್ಬರಿಗೂ ಇರಲಿಲ್ಲ.

ಸುಳ್ಳು ಎಂದು ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀ ಎಂದು ಕೇಳುತ್ತೀಯ. ಇಪ್ಪತ್ತಾರು ವರ್ಷ ಅವಳು ಸಸಿಗೆ ನೀರು ಹಾಕಿದ್ದಾಳೆ. ಹಾಕುವ ಮೊದಲು ಪ್ರತಿ ಟ್ರೇಯ ಮಣ್ಣಿಗೆ ಬೆರಳು ಚುಚ್ಚಿ ನೋಡುತ್ತಾಳೆ. ನೀನು ಐದು ವರ್ಷದವಳಿದ್ದಾಗ ನಿನ್ನ ಬೆರಳನ್ನೂ ಹಾಗೆ ಹಿಡಿದು ಚುಚ್ಚಿಸಿ, "ತಣ್ಣಗಿದ್ರೆ ಬೇಡ, ಬೆಚ್ಚಗಿದ್ರೆ ಬೇಕು," ಎಂದು ಹೇಳಿಕೊಟ್ಟವಳು. ನಾನು ಬೀಜ ಪರೀಕ್ಷಾ ಕೇಂದ್ರದ ಪಾಳಿಯಲ್ಲಿದ್ದಾಗ ನಿನಗೆ ತಲೆ ಬಾಚಿದವಳು. ಅವಳ ಕೈಯಲ್ಲಿ ಸಸಿ ಕೊಳೆಯಿತು ಎಂದರೆ ನಾನು ನಂಬಬೇಕೆ?

ಫೋನಿನಲ್ಲಿ ನೀನು "ಮೀಟಿಂಗಲ್ಲಿದೀನಿ ಅಮ್ಮ" ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದಕ್ಕೆ ಮೀಟಿಂಗ್ ಇಲ್ಲ.

ಉತ್ತರ ಕಾಯುತ್ತಿರುವ,
ನಿನ್ನ ಅಮ್ಮ

*

ಮಾರ್ಚ್ 12

ಅಮ್ಮ,

ಪತ್ರ ತಲುಪಿತು. ನಿನಗೆ ಬೇಜಾರಾಗಿದೆ, ಅರ್ಥವಾಗುತ್ತದೆ. ನನಗೂ ಸುಲಭವಾಗಿರಲಿಲ್ಲ.

ವಿಷಯ ಇಷ್ಟು. ನಮ್ಮದು ಸತುವಿನ ನ್ಯಾನೋ ಕಣಗಳ ದ್ರವ. ಒಂದು ಕೂದಲೆಳೆಯ ದಪ್ಪದಲ್ಲಿ ಸಾವಿರ ಕಣಗಳು ಸಾಲಾಗಿ ನಿಲ್ಲಬಹುದು, ಅಷ್ಟು ಸಣ್ಣವು. ಸಣ್ಣವಾಗಿರುವುದರಿಂದಲೇ ಬೇರು ಅವನ್ನು ಸುಲಭವಾಗಿ ತೆಗೆದುಕೊಳ್ಳುತ್ತದೆ. ಸರಿಯಾದ ಅಳತೆಯಲ್ಲಿ ಕೊಟ್ಟರೆ ಸಸಿಯ ಬೇರು ಉದ್ದವಾಗುತ್ತದೆ, ಎಲೆ ದಟ್ಟ ಹಸಿರಾಗುತ್ತದೆ, ರೋಗವೂ ಕಡಿಮೆ. ಏಳು ಬೆಂಚುಗಳಲ್ಲಿ ಮೊದಲನೆಯದಕ್ಕೆ ಹೋಲಿಕೆಗಾಗಿ ಬರೀ ನೀರು, ಉಳಿದ ಆರಕ್ಕೆ ದ್ರವ. ಎರಡರಿಂದ ಆರರವರೆಗೆ ಫಲಿತಾಂಶ ಬಹಳ ಚೆನ್ನಾಗಿ ಬಂತು. ಏಳನೆಯದು ಹಾಳಾಯಿತು. ಅದು ನೀರುಣಿಸುವಿಕೆಯ ದೋಷವೆಂದು ಸಮಿತಿ ತೀರ್ಮಾನಿಸಿತು. ಆ ವಿಭಾಗದ ಜವಾಬ್ದಾರಿ ನನ್ನದಾದ್ದರಿಂದ ನಾನು ಸಹಿ ಮಾಡಿದೆ. ನಾನು ಯಾವ ಅಂಕಿಯನ್ನೂ ತಿದ್ದಿಲ್ಲ.

ಆಗಸ್ಟ್ ಒಂದಕ್ಕೆ ದ್ರವದ ಬಾಟಲಿಗಳು ಸಸಿ ಬೆಳೆಸುವವರ ಕೈಗೆ ಹೋಗಬೇಕು. ನಿರ್ದೇಶಕರು ದಿನಕ್ಕೆರಡು ಸಲ ತಾರೀಖು ಕೇಳುತ್ತಾರೆ. ಇಲ್ಲಿ ಎಲ್ಲರೂ ಅವರನ್ನು ತಾರೀಖು ಸಾಹೇಬರು ಎಂದೇ ಕರೆಯುವುದು.

ಚಿಕ್ಕಮ್ಮ ಸಸಿಗೆ ನೀರು ಚಿಮುಕಿಸುತ್ತಿದ್ದ ರೋಸ್‌ಕ್ಯಾನು ಇಲ್ಲೇ ಉಳಿದಿದೆ. ಬೇಕಿದ್ದರೆ ಕಳಿಸುತ್ತೇನೆ.

ನಿನ್ನ ಮಗಳು

*

ಏಪ್ರಿಲ್ 2

ಮಗಳೇ,

ಅಂಕಿ ತಿದ್ದಿದ್ದೀಯಾ ಎಂದು ನಾನು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ನೀನೇ ಹೆಗಲು ಮುಟ್ಟಿ ನೋಡಿಕೊಂಡೆ.

ನಿನ್ನ ಚಿಕ್ಕಮ್ಮ ಬೆಳಿಗ್ಗೆ ಐದೂವರೆಗೆ ಏಳುತ್ತಾಳೆ. ಎದ್ದು ಬಾಲ್ಕನಿಯ ಒಂದೇ ಒಂದು ಕುಂಡಕ್ಕೆ ಲೋಟದಲ್ಲಿ ನೀರು ಹಾಕುತ್ತಾಳೆ. ಆಮೇಲೆ ಕುರ್ಚಿಯಲ್ಲಿ ಕೂರುತ್ತಾಳೆ. ತಿನ್ನು ಅಂದರೆ ತಿನ್ನುತ್ತಾಳೆ, ಮಲಗು ಅಂದರೆ ಮಲಗುತ್ತಾಳೆ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮೊನ್ನೆ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದು ಇಳಿಸಿದಳು. "ಸುಡಲ್ವೇನೇ?" ಅಂದೆ. ಕೈ ತಿರುಗಿಸಿ ನೋಡಿಕೊಂಡು, "ಸುಟ್ಟಿದೆ," ಅಂದಳು. ಬೇರೆ ಯಾರದೋ ಕೈಯ ಬಗ್ಗೆ ಹೇಳಿದ ಹಾಗೆ.

ನನಗೂ ಅಷ್ಟೇ. ಕೋಪ ಬರಬೇಕಿತ್ತು. ಹುಡುಕಿದೆ, ಸಿಗಲಿಲ್ಲ. ಎದೆಯಲ್ಲಿ ಒದ್ದೆ ಹತ್ತಿ ತುಂಬಿದ ಹಾಗಿದೆ.

ನಿನ್ನೆ ಬಟ್ಟೆ ಮಡಿಸುತ್ತ ಕೂತಿದ್ದಾಗ ಕೇಳಿದೆ. ಉತ್ತರಗಳನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. ಅವಳ ಬಾಯಲ್ಲಿ ನೀನು ಇನ್ನೂ ಗುಬ್ಬಿಯೇ.

"ಹೇಗೆ ಹಾಕ್ತಿದ್ದೆ ಹೇಳು."

"ಹೇಗೆ ಅಂದ್ರೆ? ಗುಬ್ಬಿ ಬೆಳಿಗ್ಗೆ ಡ್ರಮ್ಮಲ್ಲಿ ಔಷಧಿ ನೀರು ಮಾಡಿಡ್ತಿದ್ಲು. ನಾನು ಮಗ್ಗಲ್ಲಿ ಮೊಗೆದು ರೋಸ್‌ಕ್ಯಾನಿಗೆ ತುಂಬ್ಕೊಂಡು, ಬರೀ ನೀರಿನ ಬೆಂಚು ಬಿಟ್ಟು, ಬಾಗಿಲ ಕಡೆಯಿಂದ ಶುರು ಮಾಡಿ ಗೋಡೆ ಕಡೆಗೆ ಹೋಗ್ತಿದ್ದೆ. ಯಾವಾಗ್ಲೂ ಹಾಗೇ."

"ಕೊನೆಗೆ ಏಳನೇ ಬೆಂಚು."

"ಹ್ಞೂಂ. ಅಷ್ಟೊತ್ತಿಗೆ ಡ್ರಮ್ ಖಾಲಿ ಆಗೋದು. ತಳದಲ್ಲಿ ಬೆಳ್ಳಗೆ ಕೂತಿರ್ತಿತ್ತು, ಸುಣ್ಣದ ನೀರಿನ ತಳ ಇರುತ್ತಲ್ಲ, ಹಾಗೆ."

"ಅದನ್ನೇನು ಮಾಡಿದೆ?"

"ಚೆಲ್ಲೋದಕ್ಕೆ ಮನಸ್ಸು ಬರುತ್ತಾ ಅಕ್ಕ? ಒಂದು ಚೊಂಬು ನೀರು ಹಾಕಿ, ಡ್ರಮ್ ತೊಳೆದು, ಏಳನೇದಕ್ಕೇ ಹಾಕ್ತಿದ್ದೆ. ಗೋಡೆ ಪಕ್ಕದ ಬೆಂಚು, ಬೆಳಕು ಕಮ್ಮಿ, ಸಸಿ ಸ್ವಲ್ಪ ಸೊರಗಿದ್ವು. ಸಾರ ಎಲ್ಲ ತಳದಲ್ಲೇ ತಾನೇ ಇರೋದು? ಪಾಪ, ಅವಕ್ಕೇ ಇರ್ಲಿ ಅಂತ."

"ಮೊದಲೂ ಹಾಗೆ ತಳದಲ್ಲಿ ಕೂರ್ತಿತ್ತಾ?"

"ಇಲ್ಲ. ಮೊದಲು ಗುಬ್ಬಿ ಮಿಷನ್‌ಗೆ ಹಾಕಿ ಗುಂಯ್ ಅನ್ನಿಸಿ ಕೊಡ್ತಿದ್ಲು. ಹಾಲಿನ ಹಾಗೆ ಒಂದೇ ಸಮ ಇರೋದು. ಸಸಿ ಹಾಳಾಗೋಕೆ ಮುಂಚೆ ಒಂಬತ್ತು ದಿನ ಗುಂಯ್ ಸದ್ದೇ ಕೇಳ್ಲಿಲ್ಲ."

"ನೀನು ಅವಳನ್ನ ಕೇಳಲಿಲ್ವಾ?"

"ಊಟ ಆರುತ್ತೆ ಅಕ್ಕ, ಏಳು," ಅಂದಳು.

ಈಗ ನಾನು ನಿನ್ನನ್ನು ಕೇಳುತ್ತಿದ್ದೇನೆ. ಆ ಒಂಬತ್ತು ದಿನ ಯಂತ್ರ ಯಾಕೆ ಸದ್ದು ಮಾಡಲಿಲ್ಲ?

ಕಳೆದ ವರ್ಷ ಕುಂಡಕ್ಕೆ ಹಾಕಿ ಎಂದು ನೀನೇ ಕಳಿಸಿದ್ದ ಬಾಟಲಿ ಬಚ್ಚಲ ಗೂಡಿನಲ್ಲಿ ಸಿಕ್ಕಿತು. ಮುಚ್ಚಳ ತೆರೆದೇ ಇಲ್ಲ. ಅದರ ಚೀಟಿಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ನೆರಳಿನಲ್ಲಿಡಿ, ಮಕ್ಕಳಿಂದ ದೂರವಿಡಿ, ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ ಹಾಕಿ. ಅಲುಗಾಡಿಸಿ ಎಂದು ಎಲ್ಲೂ ಇಲ್ಲ. ಕೆಮ್ಮಿನ ಔಷಧಿಗೂ ಅದನ್ನು ಬರೆದಿರುತ್ತಾರೆ.

ಬೀಜ ಮೊಳೆಯಿಸಲು ಒತ್ತುಕಾಗದ ತರಿಸಿದ್ದೇನೆ. ಮೂವತ್ತೊಂದು ವರ್ಷ ಬೀಜ ಎಣಿಸಿದ ಕೈ ಇದು. ಇನ್ನೊಂದು ಸಲ ಎಣಿಸುತ್ತದೆ.

ಅಮ್ಮ

*

ಏಪ್ರಿಲ್ 24

ಮಗಳೇ,

ನೀನು ಬರೆಯಲಿಲ್ಲ. ನಾನು ಎಣಿಸಿದೆ.

ನಿಯಮದ ಪ್ರಕಾರ ತಲಾ ನಾನೂರು ಬೀಜ ಹಾಕಬೇಕು. ಅಡುಗೆಮನೆಯಲ್ಲಿ ಜಾಗವಿಲ್ಲ, ತಲಾ ನೂರು ಹಾಕಿದೆ. ಈ ಕೊರತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಪೊಟ್ಟಣದ ಟೊಮೆಟೊ ಬೀಜ, ನಾಲ್ಕು ತಟ್ಟೆ. ಒಂದಕ್ಕೆ ಬರೀ ನೀರು. ಒಂದಕ್ಕೆ ನಿನ್ನ ಚೀಟಿಯಲ್ಲಿ ಹೇಳಿದ ಅಳತೆಗೆ ಬೆರೆಸಿ, ಕೈ ಸೋಲುವವರೆಗೆ ಅಲುಗಾಡಿಸಿದ ದ್ರವ. ಇನ್ನೊಂದು ಪಾತ್ರೆಯಲ್ಲಿ ಬೆರೆಸಿ ಒಂದು ದಿನ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿಯನ್ನು ಮೂರನೇ ತಟ್ಟೆಗೆ, ತಳದ ಬಿಳಿಯನ್ನು ನಾಲ್ಕನೆಯದಕ್ಕೆ ಹಾಕಿದೆ. ಹದಿನಾಲ್ಕನೇ ದಿನ ಚಿಮುಟ ಹಿಡಿದು ಕೂತೆ. ನಿನ್ನ ಚಿಕ್ಕಮ್ಮ ಎದುರಿಗೆ ಕೂತು ನೋಡಿದಳು.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಯಾಕೆಂದರೆ ನೀನು ಮರೆತಿದ್ದೀಯ. ಮೊಳಕೆ ಬಂದದ್ದೆಲ್ಲ ಸಸಿಯಲ್ಲ. ಬೀಜ ಒಡೆದು ಬಿಳಿ ತುದಿ ಕಂಡ ಕೂಡಲೇ ಖುಷಿಪಡುವವರು ಹೊರಗಿನವರು. ನಮ್ಮ ಮೇಜಿನಲ್ಲಿ ಬೇರು ನೋಡಬೇಕು. ಬೇರು ನೆಟ್ಟಗಿದ್ದರೆ ಸಹಜ ಸಸಿ. ಮೊಂಡಾಗಿದ್ದರೆ, ತುದಿ ಕಂದಿದ್ದರೆ ಅಸಹಜ. ಅದು ಬದುಕಿರುತ್ತದೆ, ಬೆಳೆಯುವುದಿಲ್ಲ.

ಬರೀ ನೀರಿನಲ್ಲಿ ಎಂಬತ್ತಾರು ಸಹಜ. ಅಲುಗಾಡಿಸಿದ ದ್ರವದಲ್ಲಿ ತೊಂಬತ್ತೊಂದು, ಬೇರು ನೀರಿನದಕ್ಕಿಂತ ಒಂದು ಬೆರಳಗಲ ಉದ್ದ. ಮೇಲಿನ ತಿಳಿಯಲ್ಲಿ ಎಂಬತ್ತೇಳು. ತಳದ ಬಿಳಿಯಲ್ಲಿ ಇಪ್ಪತ್ತೆರಡು ಸಹಜ, ಅರವತ್ತೊಂದು ಮೊಂಡು ಬೇರು, ಹದಿನೇಳು ಸತ್ತವು.

ನಾಲ್ಕನೇ ತಟ್ಟೆಯನ್ನು ನಿನ್ನ ಚಿಕ್ಕಮ್ಮ ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. ಕಂದು ತುದಿಗಳು, ಬೆಂಕಿಕಡ್ಡಿ ಆರಿಸಿದ ಹಾಗೆ. "ಇವೇ," ಅಂದಳು. "ಹೀಗೇ ಇದ್ವು." ತಟ್ಟೆಯನ್ನು ನನ್ನ ಕಡೆಗೆ ತಳ್ಳಿ, "ಹಾಗಾದ್ರೆ ನಾನೇ ಸಾಯ್ಸಿದ್ದು," ಅಂದಳು. ಅಲ್ಲ ಎಂದು ಎಷ್ಟು ಹೇಳಿದರೂ ತಲೆಯಾಡಿಸುತ್ತಾಳೆ, ಒಪ್ಪುವುದಿಲ್ಲ.

ಮಗಳೇ, ನಿನ್ನ ದ್ರವ ಒಳ್ಳೆಯದು. ನನ್ನ ಕೈಯಾರೆ ಎಣಿಸಿ ಹೇಳುತ್ತಿದ್ದೇನೆ. ನಾನು ಇಷ್ಟು ಚೆನ್ನಾದ ಬೇರನ್ನು ಸರ್ವಿಸಿನಲ್ಲಿ ಹೆಚ್ಚು ಸಲ ನೋಡಿಲ್ಲ. ಅದಕ್ಕೆ ಬೇಕಾದದ್ದು ಅಲುಗಾಟ ಒಂದೇ. ಗಂಟು ಕಟ್ಟಿ ತಳಕ್ಕೆ ಕೂತರೆ ಅದೇ ವಿಷ. ಅದನ್ನು ಹೇಳಿಬಿಟ್ಟಿದ್ದರೆ ಯಾರ ಹೆಸರೂ ಹಾಳಾಗುತ್ತಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿರಿ.

ಆ ಏಳನೇ ಬೆಂಚಿನ ಲೆಕ್ಕ ನಿಮ್ಮ ವರದಿಯಲ್ಲಿ ಎಲ್ಲಿದೆ?

ಅಮ್ಮ

*

ಮೇ 9

ಅಮ್ಮ,

ಏಳನೇ ಬೆಂಚಿನ ಲೆಕ್ಕ ವರದಿಯಲ್ಲಿಲ್ಲ. "ನೀರುಣಿಸುವಿಕೆಯ ದೋಷದಿಂದ ಕೈಬಿಡಲಾಗಿದೆ" ಎಂಬ ಸಾಲು ಇದೆ. ಅದಕ್ಕೆ ಅವಕಾಶವಿದೆ, ಎಲ್ಲರೂ ಹಾಗೆಯೇ ಮಾಡುತ್ತಾರೆ.

ನೀನು ಕೇಳಿದೆಯಲ್ಲ, ನಾನೂ ಒಂದು ಕೇಳುತ್ತೇನೆ. ಹತ್ತೊಂಬತ್ತು ವರ್ಷದ ಹಿಂದೆ ನಿನ್ನ ಮೇಜಿಗೆ ಬಂದ ಬೀಜದ ಮೂಟೆಯಲ್ಲಿ ನೂರಕ್ಕೆ ಅರವತ್ತಮೂರು ಸಹಜ ಸಸಿ ಬಂದಿದ್ದವು. ಪಾಸಾಗಲು ಎಪ್ಪತ್ತು ಬೇಕಿತ್ತು. ಅಧಿಕಾರಿ ನಿನ್ನ ಕುರ್ಚಿಯ ಹಿಂದೆ ನಿಂತು, "ಸ್ವಲ್ಪ ದೊಡ್ಡ ಮನಸ್ಸು ಮಾಡಿ ನೋಡಮ್ಮ," ಅಂದರು. ನೀನು ಚಿಮುಟದಿಂದ ನೂರಕ್ಕೆ ಒಂಬತ್ತರಂತೆ ಮೊಂಡು ಬೇರುಗಳನ್ನು ಆಚೆಯಿಂದ ಈಚೆಗೆ ಸರಿಸಿದೆ. ಎಪ್ಪತ್ತೆರಡು ಎಂದು ಬರೆದೆ. ಆ ಬೀಜ ಹೊಲದಲ್ಲಿ ಸರಿಯಾಗಿ ಏಳಲಿಲ್ಲ. ಗೋದಾಮಿನಲ್ಲಿ ತೇವ ಬಿಟ್ಟರು ಎಂದು ಗೋದಾಮಿನ ಕಾವಲುಗಾರನನ್ನು ಕೆಲಸದಿಂದ ತೆಗೆದರು.

ಇದನ್ನು ನಾನು ಕದ್ದು ಕೇಳಿದ್ದಲ್ಲ. ನಾನು ಪರೀಕ್ಷೆಯಲ್ಲಿ ಪಕ್ಕದವಳದ್ದು ನೋಡಿ ಬರೆದು ಸಿಕ್ಕಿಬಿದ್ದಾಗ ನೀನೇ ಕೂರಿಸಿಕೊಂಡು ಹೇಳಿದ್ದು. ನೀತಿಪಾಠ ಎಂದುಕೊಂಡು ಹೇಳಿದೆ. ನನ್ನ ತಲೆಯಲ್ಲಿ ಉಳಿದದ್ದು ಬೇರೆ. ಆ ದಿನ ಸಾಯಂಕಾಲ ನೀನು ಎಂದಿನಂತೆ ಮನೆಗೆ ಬಂದಿದ್ದೆ, ಎಂದಿನಂತೆ ಊಟ ಮಾಡಿದ್ದೆ, ನಿವೃತ್ತಿಯಾಗುವಾಗ ನಿನಗೆ ಹಾರ ಹಾಕಿದರು. ಏನೂ ಆಗಲಿಲ್ಲ.

ಪತ್ರಿಕೆಗಳ ತುಣುಕು ಕತ್ತರಿಸಿ ಇಡುತ್ತೀಯಲ್ಲ, ಇಪ್ಪತ್ತು ವರ್ಷದ ಹಿಂದೆ ಯಾವ ಮಂತ್ರಿ ಏನು ಹೇಳಿದ್ದ, ಯಾವ ಇಲಾಖೆ ಏನು ಮುಚ್ಚಿತು ಎಂದು. ಆ ಕಡತದಲ್ಲಿ ಇದರ ತುಣುಕು ಇದೆಯಾ?

ಮಗಳು

*

ಮೇ 28

ಗುಬ್ಬಿ,

ನಾನು ಚಿಕ್ಕಮ್ಮ. ಕಾರ್ಡಲ್ಲಿ ಜಾಗ ಸಾಲಲ್ಲ ಅಂತ ನಿಮ್ಮಮ್ಮನ ನೋಟ್‌ಬುಕ್ಕಿಂದ ಹಾಳೆ ಹರ್ಕೊಂಡು ಬರೀತಿದೀನಿ. ಅಕ್ಷರ ನೋಡಿ ನಗಬೇಡ. ನೀನು ಒಂದನೇ ಕ್ಲಾಸಲ್ಲಿ ಇದಕ್ಕಿಂತ ಕೆಟ್ಟದಾಗಿ ಬರೀತಿದ್ದೆ.

ನಿನ್ನ ಪತ್ರ ಓದಿ ನಿಮ್ಮಮ್ಮ ನಾಲ್ಕು ದಿನ ಪೇಪರಿಗೆ ಕತ್ತರಿ ಹಾಕ್ಲಿಲ್ಲ. ಐದನೇ ದಿನ ಪೇಪರ್ ತುಣುಕಿನ ಫೈಲೆಲ್ಲ ಇಳಿಸಿ ಧೂಳು ಒರೆಸಿ ಮತ್ತೆ ಮೇಲಿಟ್ಲು. ಯಾಕೆ ಅಂತ ನಾನು ಕೇಳ್ಲಿಲ್ಲ. ನಮ್ಮನೇಲಿ ಈಗ ಇಬ್ಬರು ಇದೀವಿ, ಇಬ್ಬರೂ ಕುರ್ಚಿ ಮೇಲೆ. ನೋಡೋರಿಗೆ ಡಾಕ್ಟರ ಹತ್ರ ಪಾಳಿ ಕಾಯ್ತಿದೀವಿ ಅನ್ಸುತ್ತೆ.

ನಾನು ನಿಮ್ಮಮ್ಮಂಗೆ ಹೇಳ್ದೇ ಇರೋದು ಒಂದಿದೆ. ಗುಂಯ್ ಸದ್ದು ನಿಂತ ಮೂರನೇ ದಿನ ನಾನು ಡ್ರಮ್ ಎತ್ಕೊಂಡು ಬಂದು ನಿಂಗೆ ತೋರಿಸ್ದೆ. "ಗುಬ್ಬಿ, ತಳದಲ್ಲಿ ಏನೋ ಕೂತಿದೆ ನೋಡೇ" ಅಂದೆ. ನೀನು ಕಂಪ್ಯೂಟರಲ್ಲಿ ಏನೋ ಹೊಡೀತಿದ್ದೆ. ಒಂದ್ಸಲ ಬಗ್ಗಿ ನೋಡಿ, "ಹಾಕು ಚಿಕ್ಕಮ್ಮ, ಏನೂ ಆಗಲ್ಲ" ಅಂದೆ. ನಿನ್ನ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಪಾಪ, ನಿದ್ದೆ ಇಲ್ಲ ಇವಳಿಗೆ ಅಂದ್ಕೊಂಡು ಹೋಗಿ ಹಾಕ್ದೆ. ಅಷ್ಟೇ ನಡೆದದ್ದು. ಸಾಯೋವರೆಗೂ ನಿಮ್ಮಮ್ಮಂಗೆ ಹೇಳಲ್ಲ.

ಹಲಗೆ ಮೇಲೆ ಹಾಕಿದ್ದು ನಂಗೆ ಓದಕ್ಕೆ ಬಂತು. ಸದರಿ ಅಂದ್ರೆ ಏನು ಅಂತ ಗೇಟಿನವರನ್ನ ಕೇಳ್ದೆ. "ನೀವೇ ಅಮ್ಮ" ಅಂದ್ರು. ಬಸ್ಸಿಗೆ ನಿಂತಿದ್ದ ಸ್ಕೂಲ್ ಮಕ್ಕಳು ಜೋರಾಗಿ ಓದ್ತಿದ್ರು. ಆ ಹನ್ನೊಂದು ದಿನ, ನನ್ನ ಲೆಕ್ಕ ಚುಕ್ತಾ ಮಾಡಿಸ್ಕೊಳ್ಳೋಕೆ, ನಾನು ಕೇಂದ್ರದ ಹಿಂದಿನ ಬಾಗಿಲಲ್ಲಿ ಓಡಾಡ್ದೆ.

ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನನ್ನ ಕೈ ಕೆಸರಾಗಿದ್ದು ನಿಜ, ಮೊಸರು ಯಾರ ಬಾಯಿಗೆ ಹೋಯ್ತೋ. ಹೋಗ್ಲಿ ಬಿಡು.

ನಂಗೇನೂ ಬೇಡ. ಈಗ ನೀರು ಹಾಕೋ ಹೊಸ ಹುಡುಗಿಗೆ ಅಲುಗಾಡ್ಸಿ ಹಾಕು ಅಂತ ಹೇಳು. ಅವಳೂ ತಳ ಚೆಲ್ಲಲ್ಲ, ನಾನು ನೋಡಿದೀನಿ, ಒಳ್ಳೆ ಹುಡುಗಿ. ರೋಸ್‌ಕ್ಯಾನು ಕಳಿಸ್ಬೇಡ, ಅವಳಿಗೇ ಇರ್ಲಿ. ಮೂತಿಯಲ್ಲಿ ಮೂರು ತೂತು ಕಟ್ಟಿವೆ, ಸೂಜಿ ಹಾಕಿ ಬಿಡಿಸ್ಬೇಕು.

ಹೊತ್ತೊತ್ತಿಗೆ ತಿನ್ನು.

ಚಿಕ್ಕಮ್ಮ

*

ಜೂನ್ 15

ಅಮ್ಮ,

ಚಿಕ್ಕಮ್ಮನ ಪತ್ರ ಬಂತು. ಹದಿನೈದು ದಿನ ಮೇಜಿನ ಮೇಲಿತ್ತು. ಹೋಗುವಾಗ ಬರುವಾಗ ನೋಡಿದೆ. ಅಳು ಬರುತ್ತದೆ ಎಂದು ಕಾದೆ. ಬರಲಿಲ್ಲ. ಬದಲಿಗೆ ಇದನ್ನು ಬರೆಯುತ್ತಿದ್ದೇನೆ.

ಯಂತ್ರ ಕೆಟ್ಟಿತ್ತು. ಜನವರಿ ಕೊನೆಯ ವಾರ. ಶಬ್ದದ ಅಲೆಯಿಂದ ಕಣಗಳನ್ನು ಬಿಡಿಸುವ ಯಂತ್ರ ಅದು, ಅರ್ಧ ಗಂಟೆ ಓಡಿಸಿದರೆ ಒಂದಕ್ಕೊಂದು ಅಂಟಿದ ಕಣಗಳು ಬಿಡಿಯಾಗುತ್ತವೆ. ರಿಪೇರಿಯವರು ಹತ್ತು ದಿನ ಅಂದರು. ತಾರೀಖು ಸಾಹೇಬರು, "ನಿಲ್ಲಿಸಿದ್ರೆ ಮತ್ತೆ ಮೊದಲಿನಿಂದ, ಆಗಸ್ಟ್ ಒಂದು ಹೋಯ್ತು. ಕೋಲು ಹಾಕಿ ತಿರುವಿ ಕೊಡಿ," ಅಂದರು. ನಾನು ಕೋಲು ಹಾಕಿ ತಿರುವಿದೆ. ಐದು ನಿಮಿಷಕ್ಕೆ ಮತ್ತೆ ಕೂರುತ್ತದೆ ಎಂದು ಗೊತ್ತಿತ್ತು. ಚಿಕ್ಕಮ್ಮ ಡ್ರಮ್ ತಂದು ತೋರಿಸಿದಳು. ನಾನು ನೋಡಿದೆ, ಗೊತ್ತಾಯಿತು, ಹಾಕು ಅಂದೆ.

ಬೆಂಚು ಸತ್ತ ಮೇಲೆ ವರದಿಯಲ್ಲಿ "ಕಾರಣ" ಎಂಬ ಖಾನೆಗೆ ಏನಾದರೂ ಬರೆಯಬೇಕಿತ್ತು. ಯಂತ್ರ ಎಂದು ಬರೆದರೆ ದ್ರವ ಹಾಕಿದ ಉಳಿದ ಐದು ಬೆಂಚಿನ ಫಲಿತಾಂಶವೂ ಹೋಗುತ್ತದೆ, ಯಾವ ಬೆಂಚಿಗೆ ಎಷ್ಟು ಹೋಯಿತು ಎಂದು ಯಾರಿಗೂ ಹೇಳಲಾಗುವುದಿಲ್ಲ. ಮನುಷ್ಯರು ಬೇಕಿತ್ತು. ಆ ವಾರ ಹಸಿರುಮನೆಯಲ್ಲಿ ಮೂವರು ಇದ್ದರು. ಒಬ್ಬರು ಪೈಪಿನವರು, ಅವರು ಯೂನಿಯನ್‌ಗೆ ಹೋಗುತ್ತಿದ್ದರು. ಇನ್ನೊಬ್ಬರು ಮಣ್ಣು ತುಂಬುವವರು, ಅವರಿಗೆ ಇಬ್ಬರು ಚಿಕ್ಕ ಮಕ್ಕಳು. ಚಿಕ್ಕಮ್ಮನಾದರೆ ಏನೂ ಅನ್ನುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೇ ಅವಳ ಹೆಸರು ಬರೆದೆ. ಕ್ಷಮಿಸುತ್ತಾಳೆ ಎಂದು ಗೊತ್ತಿದ್ದರಿಂದ.

ಬರೆದು ಮುಗಿಸಿ ಎಂದಿನಂತೆ ಊಟ ಮಾಡಿದೆ ಅಮ್ಮ. ಅದನ್ನೂ ಹೇಳಬೇಕು.

ಹೊಸ ಹುಡುಗಿಗೆ ಹೇಳಿದ್ದೇನೆ. ಅಲುಗಾಡಿಸಿಯೇ ಹಾಕುತ್ತಾಳೆ. ಬಾಟಲಿಯ ಚೀಟಿ ಆಗಲೇ ಅಚ್ಚಾಗಿದೆ. ಆ ಸಾಲು ಸೇರಿಸಬೇಕಾದರೆ ಯಾಕೆ ಎಂದು ಹೇಳಬೇಕಾಗುತ್ತದೆ.

ಓದಿದ ಮೇಲೆ ಇದನ್ನು ಹರಿದು ಹಾಕು.

ಮಗಳು

*

ಜೂನ್ 27

ಮಗಳೇ,

ಹರಿದಿಲ್ಲ. ತೋರಿಸುವುದೂ ಇಲ್ಲ. ಅದು ಮಗಳು ತಾಯಿಗೆ ಬರೆದದ್ದು, ಸಾಕ್ಷಿಯಲ್ಲ. ನನ್ನ ಹತ್ತಿರ ನನ್ನದೇ ಎಣಿಕೆ ಇದೆ. ಮೂರು ಸಲ ಮಾಡಿದ್ದೇನೆ, ಮೂರು ಸಲವೂ ನಾಲ್ಕನೇ ತಟ್ಟೆ ಒಂದೇ ಮಾತು ಹೇಳುತ್ತದೆ.

ನೀನು ಕೇಳಿದ್ದಕ್ಕೆ ಉತ್ತರ. ನನ್ನ ಕಡತದಲ್ಲಿ ಆ ತುಣುಕು ಇಲ್ಲ. ಇಪ್ಪತ್ತೆಂಟು ವರ್ಷದ ಊರವರ ತಪ್ಪುಗಳೆಲ್ಲ ಇವೆ, ನನ್ನದೊಂದು ಬಿಟ್ಟು.

ಕಾವಲುಗಾರರು ತೀರಿಹೋಗಿ ಆರು ವರ್ಷವಾಯಿತಂತೆ. ಅವರ ಮಗಳದು ಬಟ್ಟೆ ಹೊಲಿಯುವ ಅಂಗಡಿ, ಹಳೆ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ. ಹೋದೆ. ರವಿಕೆ ಕೊಡಲು ಬಂದವಳು ಎಂದುಕೊಂಡು ಟೇಪು ತೆಗೆದರು. ನಿಂತೇ ಎಲ್ಲ ಹೇಳಿದೆ, ನೂರಕ್ಕೆ ಒಂಬತ್ತು ಸಸಿಯ ವಿಷಯ. ಕೇಳಿಸಿಕೊಂಡು, "ಅಪ್ಪ ಸಾಯೋವರೆಗೂ ಗೋದಾಮಲ್ಲಿ ತೇವ ಇರಲಿಲ್ಲ, ಇರಲಿಲ್ಲ ಅಂತಿದ್ರು. ನಾವೇ, ಸುಮ್ನಿರಿ ಅಪ್ಪ, ಮುಗಿದ ಕಥೆ ಅಂತಿದ್ವಿ," ಅಂದರು. ಆಮೇಲೆ, "ಈಗ ಯಾಕೆ ಹೇಳ್ತಿದೀರಿ?" ಅಂದರು. ಅವರು ಮಿಷನ್ ತುಳಿಯಲು ಶುರು ಮಾಡಿದರು. ಅವರು ತೆಗೆದಿದ್ದ ಟೇಪನ್ನು ಸುತ್ತಿ ಮೇಜಿನ ಮೇಲಿಟ್ಟು ಬಂದೆ.

ಏನೂ ಆಗಲಿಲ್ಲ ಎಂದು ನೀನು ಬರೆದಿದ್ದೆ. ಆಗಿತ್ತು. ಬೇರೆಯವರ ಮನೆಯಲ್ಲಿ ಆಗಿತ್ತು.

ನಿನ್ನ ಕೋಣೆಯಿಂದ ಗೇಟಿನ ಹಲಗೆಗೆ ಇನ್ನೂರು ಹೆಜ್ಜೆ. ಮೂರು ವಾರ ಕಾಯುತ್ತೇನೆ.

ಅಮ್ಮ

*

ಜುಲೈ 22

ಪತ್ರಿಕೆಯ ಸಂಪಾದಕರಿಗೆ. ಇದರ ಒಂದು ಪ್ರತಿ ಸಂಶೋಧನಾ ಕೇಂದ್ರದ ನಿರ್ದೇಶಕರಿಗೆ, ಇನ್ನೊಂದು ನನ್ನ ಮಗಳಿಗೆ.

ಮಾನ್ಯರೇ,

ಕಳೆದ ಫೆಬ್ರವರಿ ಹನ್ನೊಂದರಂದು ಸಂಶೋಧನಾ ಕೇಂದ್ರದ ಹಲಗೆಯ ಮೇಲೆ, ಇಪ್ಪತ್ತಾರು ವರ್ಷ ಅಲ್ಲಿ ಸಸಿಗಳಿಗೆ ನೀರು ಹಾಕಿದ ಒಬ್ಬ ಹೆಂಗಸು ಅಜಾಗರೂಕಳು ಎಂದು ಬರೆದು ಹನ್ನೊಂದು ದಿನ ಬಸ್ಸಿಗೆ ಕಾಯುವವರಿಗೆಲ್ಲ ಓದಿಸಲಾಯಿತು. ಆಕೆ ನನ್ನ ತಂಗಿ. ಸಹಿ ಮಾಡಿದವಳು ನನ್ನ ಮಗಳು. ಸಂಬಂಧ ಹೇಳಿಕೊಳ್ಳದೆ ಬರೆದರೆ ಅದೂ ಒಂದು ಮುಚ್ಚುಮರೆಯಾಗುತ್ತದೆ.

ನಾನು ಬೀಜ ಪರೀಕ್ಷಾ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಸಸಿ ಎಣಿಸಿದವಳು. ಕೇಂದ್ರದ ಸತುವಿನ ನ್ಯಾನೋ ದ್ರವವನ್ನು ಟೊಮೆಟೊ ಬೀಜದ ಮೇಲೆ ಮೂರು ಸಲ ಪರೀಕ್ಷಿಸಿದ್ದೇನೆ. ಲೆಕ್ಕವನ್ನು ಇದರ ಜೊತೆ ಇಟ್ಟಿದ್ದೇನೆ. ಚೆನ್ನಾಗಿ ಅಲುಗಾಡಿಸಿದರೆ ಈ ದ್ರವ ಸಸಿಗೆ ನಿಜವಾಗಿಯೂ ಒಳ್ಳೆಯದು. ಅಲುಗಾಡಿಸದೆ ಇಟ್ಟರೆ ಕಣಗಳು ತಳಕ್ಕೆ ಕೂತು, ಆ ತಳ ಸಿಕ್ಕ ಸಸಿಯ ಬೇರು ಸುಡುತ್ತದೆ. ಬಾಟಲಿಯ ಚೀಟಿಯಲ್ಲಿ ಅಲುಗಾಡಿಸಿ ಎಂಬ ಒಂದು ಪದ ಇಲ್ಲ. ಆಗಸ್ಟ್ ಒಂದರಿಂದ ಈ ಬಾಟಲಿಗಳು ಎಲ್ಲರ ಕೈಗೆ ಹೋಗುತ್ತವೆ. ಸಸಿ ಸತ್ತಾಗ ಅಲ್ಲಿಯೂ ನೀರು ಹಾಕಿದವರ ಹೆಸರನ್ನೇ ಬರೆಯುತ್ತೀರಾ?

ಇದನ್ನು ಕೇಳಲು ನಿನಗೇನು ಹಕ್ಕು ಎನ್ನುವವರಿಗೆ ನಾನೇ ಹೇಳುತ್ತೇನೆ. ಹತ್ತೊಂಬತ್ತು ವರ್ಷದ ಹಿಂದೆ ನಾನು ನೂರಕ್ಕೆ ಒಂಬತ್ತು ಮೊಂಡು ಬೇರಿನ ಸಸಿಗಳನ್ನು ಸಹಜ ಎಂದು ಎಣಿಸಿ ಕೆಟ್ಟ ಬೀಜವನ್ನು ಪಾಸು ಮಾಡಿದೆ. ಅದರ ಶಿಕ್ಷೆ ಗೋದಾಮಿನ ಕಾವಲುಗಾರರಿಗೆ ಆಯಿತು. ಗೋದಾಮಿನಲ್ಲಿ ತೇವ ಇರಲಿಲ್ಲ. ನಾನು ಸುಳ್ಳು ಎಣಿಸಿದ್ದೆ. ಇದನ್ನು ಬರೆದು ಸಹಿ ಹಾಕಿ, ಅನುಮತಿ ಪಡೆದು ನನ್ನ ಹಳೆಯ ಕಚೇರಿಯ ಹಲಗೆಯ ಮೇಲೆ ನಿನ್ನೆ ನನ್ನ ಕೈಯಿಂದಲೇ ಅಂಟಿಸಿ ಬಂದಿದ್ದೇನೆ. ಅಂಟು ಒಣಗುವವರೆಗೆ ಕಾಗದವನ್ನು ಅಂಗೈಯಿಂದ ಒತ್ತಿ ಹಿಡಿದು ನಿಂತಿದ್ದೆ. ಯಾವ ಭಾವನೆಯೂ ಬರಲಿಲ್ಲ. ಬರಬೇಕೆಂದು ನಿಯಮವೂ ಇಲ್ಲ. ಅಂಟಿಸಲು ಭಾವನೆ ಬೇಕಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಜನವರಿ ಕೊನೆಯ ವಾರದಿಂದ ಒಂಬತ್ತು ದಿನ ಕಣ ಬಿಡಿಸುವ ಯಂತ್ರ ಓಡಿತೇ? ಓಡದಿದ್ದರೆ ಅದು ಯಾರಿಗೆ ಗೊತ್ತಿತ್ತು? ಏಳನೇ ಬೆಂಚಿನ ಹನ್ನೆರಡು ಟ್ರೇಗಳಲ್ಲಿ ಎಷ್ಟು ಸಸಿ ಸತ್ತವು, ಆ ಲೆಕ್ಕ ಎಲ್ಲಿ? ಹಾಳಾದದ್ದು ನೀರಿನಿಂದ ಎಂದು ಯಾರು ಪರೀಕ್ಷಿಸಿದರು?

ಉತ್ತರವನ್ನು ನನ್ನ ಮನೆಗೆ ಕಳಿಸಬೇಡಿ. ಫೋನು ಮಾಡಬೇಡಿ. ಫೆಬ್ರವರಿಯಲ್ಲಿ ಅಂಟಿಸಿದ ಅದೇ ಹಲಗೆಯ ಮೇಲೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಅದೇ ಸಹಿಯೊಂದಿಗೆ ಅಂಟಿಸಿ. "ಸದರಿಯವರು" ಎಂದು ಬರೆಯಬೇಡಿ, ನನ್ನ ತಂಗಿಯ ಹೆಸರು ಬರೆಯಿರಿ. ಹನ್ನೊಂದು ದಿನ ಇಡಿ. ಬಸ್ಸಿಗೆ ಕಾಯುವವರು ಓದಲಿ, ಶಾಲೆಯ ಮಕ್ಕಳು ಜೋರಾಗಿ ಓದಲಿ.

ಅವಳೂ ಬಂದು, ಮುಂದಿನ ಬಾಗಿಲಲ್ಲಿ ನಿಂತು ಓದುತ್ತಾಳೆ.

ಇತಿ,
ಒಬ್ಬ ನಿವೃತ್ತ ಬೀಜ ಪರೀಕ್ಷಕಿ